ಕೆಂಚನ ಹೆಸರಿನಲ್ಲಿ ಒಂದು ಕಾಲು

ನವೆಂಬರ್ 4, ಸಂಜೆ

ಧಣಿಯ ರೇಸ್ ಕುದುರೆ ಲಾಯದ ಬಿಲ್ಲು ಟೈಪ್ ಮಾಡಿ ಬೆರಳು ಜಡ್ಡುಗಟ್ಟಿದೆ. ಹಡಗಿನಲ್ಲಿ ಬಂದ ಹುಲ್ಲು. ಹೌದು, ಹುಲ್ಲೇ. ಇಲ್ಲಿಯ ಹುಲ್ಲಿನಲ್ಲಿ ಧೂಳು ಜಾಸ್ತಿಯಂತೆ. ಲಾಯದ ನೆಲಕ್ಕೆ ರಬ್ಬರ್ ಹಾಸು. ಕುದುರೆಗಳ ಈಜುಕೊಳದ ನೀರು ಬೆಚ್ಚಗಿಡುವ ಮಿಷನ್. ಸಂಜೆ ಅವುಗಳ ಮನಸ್ಸು ಹಗುರಾಗಲಿ ಎಂದು ಸಂಗೀತ, ಅದಕ್ಕೆ ಹೊಸ ಸ್ಪೀಕರ್. ಪ್ರತಿ ಕುದುರೆಗೂ ಕೊಂಡ ಬೆಲೆಗೇ ಇನ್ಶೂರೆನ್ಸ್. ಕುದುರೆ ನೋಡಿಕೊಳ್ಳುವವರಿಗೆ ಒಂದು ಛತ್ರಿಯೂ ಇಲ್ಲ.

ಧಣಿ ನಿನ್ನೆ ಹರಾಜಿನಲ್ಲಿ ಇನ್ನೊಂದು ಕುದುರೆ ಮರಿ ಕೊಂಡರು. ಅದರ ಬೆನ್ನ ಮೇಲೆ ಇನ್ನೂ ಯಾರೂ ಕೂತಿಲ್ಲ. ಒಂದು ಓಟವೂ ಓಡಿಲ್ಲ. ಅದರ ಅಪ್ಪ ಓಡಿತ್ತಂತೆ! ಇನ್ನೊಬ್ಬ ಶ್ರೀಮಂತನ ಜೊತೆ ಜಿದ್ದಿಗೆ ಬಿದ್ದು ಕೈ ಎತ್ತುತ್ತಲೇ ಹೋದರಂತೆ. ಹೇಳುವಾಗ ಮ್ಯಾನೇಜರ್ ತಾವೇ ಕೈ ಎತ್ತಿದಂತೆ ಉಬ್ಬಿದರು. ಆ ದುಡ್ಡಿನಲ್ಲಿ ನಮ್ಮ ಕೆಲಸದವರ ಲೈನಿನ ಮನೆಗಳನ್ನೆಲ್ಲ ಕೆಡವಿ ಮತ್ತೆ ಕಟ್ಟಬಹುದು. ಕಿಟಕಿ ಇಟ್ಟು.

ತಡೆಯಲಾಗಲಿಲ್ಲ. ನೋಟಿಸ್ ಬೋರ್ಡಿಗೆ ಅಂಟಿಸಿದೆ: "ಕುದುರೆಗೆ ಏಸಿ, ಕಾಯುವವನಿಗೆ ಬಿಸಿಲು. ಮನುಷ್ಯ ಮೊದಲು!" ಕೈಬರಹ ತಿರುಚಿ ಬರೆದಿದ್ದೆ. ಮ್ಯಾನೇಜರ್ ಅರ್ಧ ಗಂಟೆಯಲ್ಲಿ ಕಿತ್ತರು. ಹರಿಯಲಿಲ್ಲ. ಮಡಚಿ ಡ್ರಾಯರಿನಲ್ಲಿ ಇಟ್ಟುಕೊಂಡರು. ಹರಿದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಅದು ನನ್ನ ಕೆಲಸ ಎಂದು ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಗೊತ್ತಾಗಿದೆ. ಮಧ್ಯಾಹ್ನ ಬಕೆಟ್ ಹಿಡಿದು ಆಫೀಸಿನ ಕಿಟಕಿಯ ಹತ್ತಿರ ಬಂದರು.

"ಏನಮ್ಮಾ ಕರಪತ್ರ, ಬೋರ್ಡ್ ಖಾಲಿ ಇದೆ. ಇವತ್ತಿನ ಸಂಚಿಕೆ ಬರಲಿಲ್ವಾ?"

"ನಗಬೇಡಿ ಭಾವ. ನಿಮಗೋಸ್ಕರವೇ ಬರೆದದ್ದು."

"ನನಗೆ ಓದೋಕೆ ಪುರುಸೊತ್ತಿಲ್ಲ. ಕೆಂಚನಿಗೆ ಓದಿ ಹೇಳು, ಅವನೂ ನಿನ್ನ ಹಾಗೆ ಸಿಡುಕ."

ಕೆಂಚ ಅಂದರೆ ಭಾವ ನೋಡಿಕೊಳ್ಳುವ ಕುದುರೆ. ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿದೆ, ಲಾಯದಲ್ಲಿ ಯಾರೂ ಕರೆಯುವುದಿಲ್ಲ. ಅದನ್ನೂ ಒಂದು ಕಾಲದಲ್ಲಿ ಹೀಗೇ ಕೈ ಎತ್ತೆತ್ತಿ ಕೊಂಡದ್ದು. ಕಳೆದ ಎರಡು ಓಟಗಳಲ್ಲಿ ಹಿಂದೆ ಬಿತ್ತು. ಆಮೇಲೆ ಧಣಿ ಅದರ ಬಾಗಿಲಿಗೇ ಬಂದಿಲ್ಲ.


ನವೆಂಬರ್ 6, ಸಂಜೆ

ಪೆನ್ನಿನ ಮೊನೆ ಕಾಗದ ತೂತು ಮಾಡುತ್ತಿದೆ. ಸಿಟ್ಟಿಗೆ.

ಧಣಿಯ ಮಗಳು ಗೆಳತಿಯರ ಜೊತೆ ಬಂದಿದ್ದಳು, ವಿಡಿಯೋ ಮಾಡಲು. ಡ್ರೋನ್ ಬಿಟ್ಟರು. ಭಾವ ಕೆಂಚನನ್ನು ತೊಳೆಯುತ್ತಿದ್ದರು. "ಮೇಲೆ ಬಿಡಬೇಡಿ, ಹೆದರ್ತಾನೆ" ಎಂದು ಕೈಮುಗಿದು ಹೇಳಿದರು. ಅದು ಗುಂಯ್ ಎಂದು ಕಿವಿಯ ಪಕ್ಕಕ್ಕೇ ಇಳಿಯಿತು. ಕೆಂಚ ತಿರುಗಿ ಒದ್ದ. ಭಾವನ ಎಡಗಾಲು, ಮಂಡಿಯ ಕೆಳಗೆ.

ಹುಡುಗಿಯರು ಕಿರುಚಿದರು. ಮ್ಯಾನೇಜರ್ ಓಡಿ ಬಂದರು. ಮೊದಲು ಕೆಂಚನ ಕಾಲು ಸವರಿ ನೋಡಿದರು. ನಾನು ಕಣ್ಣಾರೆ ಕಂಡೆ. ಕುದುರೆಯ ನಾಲ್ಕು ಕಾಲೂ ಆದ ಮೇಲೆ ಮನುಷ್ಯನ ಸರದಿ.

"ಉಳುಕು ಅಷ್ಟೇ. ಎಣ್ಣೆ ಹಚ್ಚಿ ಮಲಕ್ಕೋ."

"ಆಸ್ಪತ್ರೆಗೆ ಕಳಿಸಿ ಸರ್. ಕೆಲಸದಲ್ಲಿ ಆದ ಅಪಘಾತ, ಖರ್ಚು ನೀವೇ ಕೊಡಬೇಕು. ಕಾನೂನು ಇದೆ."

"ಅಪಘಾತ ಎಲ್ಲಿ ಆಯ್ತಮ್ಮ? ಯಾರೂ ಅಪಘಾತ ಅಂತ ಹೇಳಿಲ್ವಲ್ಲ."

ಬರೆದುಕೊಂಡರೆ ಧಣಿಯ ಮಗಳ ಡ್ರೋನನ್ನೂ ಬರೆಯಬೇಕಲ್ಲ!

ಅಕ್ಕ ಕುದುರೆ ಕಂಬಳಿ ಒಗೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬಂದಳು. ಗಂಡನನ್ನು ಹೆಗಲಿಗೆ ಹಾಕಿಕೊಂಡಳು. ದಾರಿಯುದ್ದಕ್ಕೂ ಬೈದಳು, ಧಣಿಯನ್ನಲ್ಲ, ಭಾವನನ್ನು. "ಹೆಂಡತಿ ಹಿಂದೆ ನಿಂತರೆ ಗೊತ್ತಾಗಲ್ಲ, ಕುದುರೆ ಹಿಂದೆ ನಿಲ್ಲಬಾರದು ಅಂತಲೂ ಗೊತ್ತಾಗಲ್ವಾ ನಿಮಗೆ?" ಬೈಯುತ್ತಾ ಅಳುತ್ತಿದ್ದಳು.


ನವೆಂಬರ್ 8, ಮಧ್ಯಾಹ್ನ

ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದೆವು. ಎಕ್ಸ್‌ರೇ ಮಿಷನ್ ಕೆಟ್ಟಿದೆ. ರಿಪೇರಿಯವನು ಬಂದ ಮೇಲೆ ಬನ್ನಿ ಎಂದರು. ಯಾವಾಗ ಬರುತ್ತಾನೆ? ಬಂದಾಗ.

ವಾಪಸು ಬರುವಾಗ ಭಾವ ಲಾಯದ ಕಡೆಗೇ ಕುಂಟಿದರು. ಅವರಿಲ್ಲದೆ ಕೆಂಚ ಮೇವು ಮುಟ್ಟಿಲ್ಲವಂತೆ. ಕುದುರೆ ಡಾಕ್ಟರು ಕಂಡರು. ಸಾಧು ಮನುಷ್ಯ, ನೊಣ ಹೊಡೆಯುವುದಕ್ಕೂ ಹಿಂದೆ ಮುಂದೆ ನೋಡುವವರು.

"ಉಳುಕು ಇಷ್ಟು ಊದಲ್ಲ ಕಣಯ್ಯ. ಬಾ, ಒಂದು ನಿಮಿಷ. ಒಂದು ಫೋಟೋ ಹೊಡೆಯೋಣ."

ಕುದುರೆಗಳ ಎಕ್ಸ್‌ರೇ ಕೋಣೆ! ಅಮೃತಶಿಲೆಯಂಥ ನೆಲ. ಊರಿನ ಆಸ್ಪತ್ರೆಯಲ್ಲಿ ಕೆಟ್ಟುಬಿದ್ದ ಮಿಷನ್ ಇಲ್ಲಿ ಹೊಚ್ಚ ಹೊಸದು, ಮುಸುಕು ಹೊದ್ದು ಕೂತಿದೆ. ಆದರೆ ಅದಕ್ಕೂ ಜಾತಿ ಇದೆ. ಪರದೆಯ ಮೇಲೆ ಕುದುರೆಯ ಹೆಸರು ಆರಿಸದಿದ್ದರೆ ಚಿತ್ರ ತೆಗೆಯುವುದಿಲ್ಲ. ಪಟ್ಟಿಯಲ್ಲಿ ಭಾವ ಇಲ್ಲ. ಡಾಕ್ಟರು ಗೊಣಗಿಕೊಂಡು ಕೆಂಚನ ಹೆಸರನ್ನು ಒತ್ತಿದರು.

ಮುರಿದಿದೆ. ನನಗೂ ಕಂಡಿತು, ಬಿಳಿ ಮೂಳೆಯ ಮೇಲೆ ಓರೆಯಾಗಿ ಕಪ್ಪು ಗೆರೆ. ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕು, ಬೇಗ. ಇಲ್ಲದಿದ್ದರೆ ಸೊಟ್ಟ ಕೂಡಿಕೊಳ್ಳುತ್ತದೆ, ಜೀವಮಾನವಿಡೀ ಕುಂಟು.

ಚಿತ್ರದ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಕೆಂಚನ ಇಂಗ್ಲಿಷ್ ಹೆಸರು. ಮನುಷ್ಯ ಎಂದು ಹೇಳಿಕೊಂಡರೆ ಮೂಳೆ ಮುರಿದದ್ದೂ ಕಾಣಿಸುವುದಿಲ್ಲ. ಕುದುರೆ ಎಂದು ಹೇಳಿದ ಮೇಲೆ ಕಾಣಿಸಿತು.


ನವೆಂಬರ್ 9, ಹನ್ನೊಂದು ಗಂಟೆ

ಆಫೀಸಿನಲ್ಲಿ ಒಬ್ಬಳೇ ಇದ್ದೆ. ಫೋನ್. ಧಣಿಯ ಸೆಕ್ರೆಟರಿ, ಉಸಿರು ಮೇಲೆ ಕೆಳಗೆ.

ಆ ಮಿಷನ್ ಚಿತ್ರ ತೆಗೆದ ಕೂಡಲೇ ಮಾಲೀಕರ ಮೊಬೈಲಿಗೆ ತಾನಾಗಿ ಕಳಿಸುತ್ತದಂತೆ! ಡಾಕ್ಟರು ಮರೆತಿದ್ದಾರೆ. ಧಣಿ ಚಿತ್ರ ನೋಡಿದ್ದಾರೆ. ಕುದುರೆಯ ಹೆಸರು, ಮುರಿದ ಮೂಳೆ.

ಅದು ಮನುಷ್ಯನ ಕಾಲು ಎಂದು ಅವರಿಗೆ ತಿಳಿಯಲಿಲ್ಲ. ಕುದುರೆ ಕಾಲುಗಳಿಗೆ ಊರು ಕೊಳ್ಳುವಷ್ಟು ಸುರಿದವರು! ಒಂದು ದಿನವಾದರೂ ಬಗ್ಗಿ ಗೊರಸು ನೋಡಿದ್ದರೆ ತಾನೆ?

"ನಿಜ ಹೇಳಮ್ಮ, ಮೂಳೆ ಮುರಿದಿದೆಯಾ?"

"ಹೌದು ಸರ್, ಮುರಿದಿದೆ."

ಯಾರದು ಎಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ. ಬರಲಿ. ಕೆಂಚನ ಕಾಲಿಗೆಂದು ವಿಮಾನ ಹತ್ತಿ ದೊಡ್ಡ ಡಾಕ್ಟರುಗಳು ಬರಲಿ. ಬಂದು ನಿಂತಾಗ ಭಾವನನ್ನು ಮುಂದೆ ನಿಲ್ಲಿಸುತ್ತೇನೆ. ತಗೊಳ್ಳಿ, ನೀವು ಹುಡುಕಿಕೊಂಡು ಬಂದ ಕಾಲು ಇದೇ!

ಇಂಥ ಕರಪತ್ರ ಯಾರೂ ಬರೆದಿರಲಾರರು.

ಅದೇ ದಿನ, ಮೂರು ಗಂಟೆ

ಮತ್ತೆ ಫೋನ್. ಈ ಸಲ ಸೆಕ್ರೆಟರಿಯ ದನಿ ತಣ್ಣಗಿತ್ತು. ಧಣಿಯ ಅಪ್ಪಣೆ: ಕಾಲು ಮುರಿದ ಕುದುರೆ ಇಟ್ಟುಕೊಂಡು ಪ್ರಯೋಜನ ಇಲ್ಲ. ಇನ್ಶೂರೆನ್ಸಿನವರಿಗೆ ತಿಳಿಸಿ. ಇಂಜೆಕ್ಷನ್ ಕೊಟ್ಟು ಮುಗಿಸಿ.

ಅಷ್ಟೇ. ಹುಲ್ಲು, ಈಜುಕೊಳ, ಸಂಗೀತ ಎಲ್ಲದಕ್ಕೂ ಸೇರಿ ಒಂದು ಮಾತು. ಮುಗಿಸಿ.

ಕುದುರೆಯನ್ನಾದರೂ ಪ್ರೀತಿಸುತ್ತಾರೆ ಎಂದು ಅಂದುಕೊಂಡಿದ್ದೆನಲ್ಲ... ಅದರ ಮೇಲೇ ಹೊಟ್ಟೆಕಿಚ್ಚು ಪಟ್ಟಿದ್ದೆ.

ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರ ಮುಖ ಬಿಳಿಚಿತು. ತಾವೇ ಧಣಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡರು: ಕೆಂಚ ಗಟ್ಟಿಮುಟ್ಟಾಗಿದ್ದಾನೆ, ಕಾಲು ಅವನನ್ನು ನೋಡಿಕೊಳ್ಳುವ ಸೈಸನದು, ತಪ್ಪು ನನ್ನದು.

ಕುದುರೆ ಚೆನ್ನಾಗಿದೆ ಎಂದು ಕೇಳಿ ಸಂತೋಷಪಡಬೇಕಿತ್ತು ತಾನೆ? ಧಣಿ "ಫೋನ್ ಮ್ಯಾನೇಜರಿಗೆ ಕೊಡಿ" ಎಂದಷ್ಟೇ ಹೇಳಿದರಂತೆ.


ನವೆಂಬರ್ 10

ಮ್ಯಾನೇಜರ್ ನಮ್ಮನ್ನು ಕರೆಸಿದರು. ಭಾವ, ಅಕ್ಕ, ನಾನು. ಕುರ್ಚಿ ಕೊಟ್ಟರು! ಆ ಆಫೀಸಿನಲ್ಲಿ ನಮ್ಮ ಲೈನಿನವರು ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು. ಆಗಲೇ ಅನುಮಾನ ಬಂತು.

"ನೋಡಪ್ಪಾ. ಆದದ್ದು ಆಗಿಹೋಯ್ತು. ಚಿತ್ರ ಇದೆ, ಮೇಲೆ ಕುದುರೆ ಹೆಸರಿದೆ. ಅದು ಹಾಗೇ ಇರಲಿ ಅಂತಾರೆ ಧಣಿಗಳು."

ಮೂರೇ ಬೇಕಂತೆ. ಚಿತ್ರ. ಡಾಕ್ಟರ ಸಹಿ. ಕುದುರೆ ನೋಡಿಕೊಳ್ಳುವವನ ಮಾತು. ಬರುವ ಇನ್ಶೂರೆನ್ಸ್ ಆಫೀಸರಿಗೆ ಮೂಳೆಯ ವಿಷಯ ತಿಳಿಯದು. ಕೆಂಚನ ಕಾಲಿಗೆ ದಪ್ಪಗೆ ಬಟ್ಟೆ ಸುತ್ತಿ ನಿಲ್ಲಿಸುತ್ತಾರೆ. ಭಾವ "ಹೌದು, ಮುರಿದಿದೆ" ಎಂದರೆ ಸಾಕು. ಆಮೇಲೆ ಇಂಜೆಕ್ಷನ್. ಸೋಲುವ ಕುದುರೆ ಹೋಗುತ್ತದೆ, ಕೊಂಡ ಬೆಲೆ ಪೂರ್ತಿ ವಾಪಸು ಬರುತ್ತದೆ. ಹೊಸ ಮರಿಯ ಖರ್ಚು ಹುಟ್ಟಿದ ಹಾಗಾಯಿತು!

"ನಿನ್ನ ಆಪರೇಷನ್ ದೊಡ್ಡ ಆಸ್ಪತ್ರೆಯಲ್ಲಿ. ಪೂರಾ ಖರ್ಚು ಧಣಿಗಳದ್ದು. ಗುಣ ಆಗೋವರೆಗೂ ಸಂಬಳ."

"ಡಾಕ್ಟರು ಸಹಿ ಹಾಕ್ತಾರಾ?" ನಾನು ಕೇಳಿದೆ.

"ಮಾಲೀಕರ ಮಿಷನ್‌ನಲ್ಲಿ ಸೈಸನ ಕಾಲು ಹಾಕಿದವರು ಯಾರಮ್ಮಾ? ಹಾಕ್ತಾರೆ."

"ಇದು ಕೊಲೆ."

ಮ್ಯಾನೇಜರ್ ನಕ್ಕರು. ಡ್ರಾಯರ್ ಎಳೆದರು. ಮಡಚಿದ ಕಾಗದ ಬಿಚ್ಚಿ ನನ್ನ ಮುಂದೆ ಇಟ್ಟರು. ತಿರುಚಿದ ನನ್ನ ಕೈಬರಹ.

"'ಮನುಷ್ಯ ಮೊದಲು.' ನೀನೇ ಕೇಳಿದ್ದೆಯಲ್ಲ? ಅದನ್ನೇ ಮಾಡ್ತಿದ್ದೀವಿ."

ಓದಿದ ಒಂದು ಸಾಲೂ ನೆನಪಿಗೆ ಬರಲಿಲ್ಲ. ನನ್ನ ಮಾತಿನಿಂದಲೇ ನನ್ನ ಬಾಯಿಗೆ ಬಟ್ಟೆ ತುರುಕಿದರು.

ಭಾವ ಎದ್ದರು. "ಯೋಚನೆ ಮಾಡಿ ಹೇಳ್ತೀನಿ ಸ್ವಾಮಿ."

ಸಂಜೆ

ಅಕ್ಕ: "ಯೋಚನೆ ಏನ್ರೀ? ಅದು ಕುದುರೆ. ನೀವು ಮನುಷ್ಯರು. ಸೈಸ ಕುಂಟನಾದರೆ ಯಾರು ಕೆಲಸ ಕೊಡ್ತಾರೆ? ನಾಳೆ ಈ ಮನೆಯೂ ಬಿಡಬೇಕು."

ಭಾವ ಕಾಲು ಚಾಚಿಕೊಂಡು ಗೋಡೆ ನೋಡುತ್ತಿದ್ದರು.

"ಒದ್ದದ್ದೂ ಅದೇ ಕುದುರೆ!"

"ಹೆದರಿ ಒದ್ದ."

"ಅವರೂ ಹೆದರಿಸಿ ಒದೀತಾರೆ. ತಡ್ಕೊಳ್ಳೋಕೆ ಒಂದು ಕಾಲಾದರೂ ನೆಟ್ಟಗಿರಲಿ." ಅಕ್ಕ ನನ್ನ ಕಡೆ ತಿರುಗಿದಳು. "ನೀನಾದರೂ ಹೇಳೇ. ದಿನಾ ಊರಿಗೆಲ್ಲ ಹೇಳ್ತೀಯಲ್ಲ, ಮನುಷ್ಯ ಮನುಷ್ಯ ಅಂತ."

ಹೇಳಿದೆ. ಹೌದು, ನಾನೇ ಹೇಳಿದೆ. "ಒಪ್ಪಿಕೊಳ್ಳಿ ಭಾವ." ನನ್ನ ದನಿ ಮ್ಯಾನೇಜರನ ದನಿಯಂತೆ ಕೇಳಿಸಿತು.

ಭಾವ ಬೈಯಲಿಲ್ಲ. ಮೆಲ್ಲಗೆ ಕೇಳಿದರು: "ನಿನ್ನ ಪುಸ್ತಕಗಳಲ್ಲಿ ಹೀಗೇ ಬರೆದಿದೆಯಾ?"

ಬರೆದಿಲ್ಲ. ರದ್ದಿ ಅಂಗಡಿಯಲ್ಲಿ ತೂಕಕ್ಕೆ ಕೊಂಡ ಅಷ್ಟೂ ಪುಸ್ತಕಗಳನ್ನು ತಿರುವಿದೆ. ಹಸಿದವನ ಅನ್ನ ಕಸಿದವನ ವಿಷಯ ಇದೆ. ಅನ್ನ ಕೊಡುತ್ತೇನೆ, ಪಕ್ಕದವನ ಕುತ್ತಿಗೆ ಹಿಡಿದುಕೋ ಎನ್ನುವವನ ವಿಷಯ ಇಲ್ಲ.


ನವೆಂಬರ್ 12

ನಿನ್ನೆ ಬರೆಯಲಿಲ್ಲ. ಮನೆಯಲ್ಲಿ ದಿನವಿಡೀ ಅಕ್ಕನ ಬೈಗುಳ.

ಇವತ್ತು ಭಾವ ಲಾಯಕ್ಕೆ ಹೋಗಿದ್ದರು. ಎರಡು ಕೋಲು ಊರಿಕೊಂಡು. ನಾನು ಹಿಂದೆ ಹೋದೆ. ಕೆಂಚನ ಕಾಲಿಗೆ ಆಗಲೇ ಬಿಳಿ ಬಟ್ಟೆ ಸುತ್ತಿದ್ದಾರೆ. ಏನೂ ಆಗದ ಕಾಲಿಗೆ ಎಷ್ಟು ಒಳ್ಳೆಯ ಬ್ಯಾಂಡೇಜು! ಭಾವನ ಕಾಲಿಗೆ ಅಕ್ಕನ ಹಳೇ ಸೀರೆಯ ಅಂಚು. ಇಬ್ಬರೂ ಎಡಗಾಲನ್ನು ಸ್ವಲ್ಪ ಎತ್ತಿಕೊಂಡೇ ನಿಂತಿದ್ದರು. ಕೆಂಚ ಬಟ್ಟೆ ಬಿಗಿಯಾಗಿದೆ ಎಂದು, ಭಾವ ನೋವಿಗೆ.

ಭಾವ ಬ್ಯಾಂಡೇಜನ್ನು ಸಡಿಲ ಮಾಡಿದರು. "ರಕ್ತ ಓಡಬೇಕು" ಎಂದರು. ನಾಳೆ ಸಾಯಬೇಕಾದ ಕುದುರೆಗೆ!

"ಭಾವ, ನಾಳೆ ಇನ್ಶೂರೆನ್ಸಿನವರು ಬಂದಾಗ ಏನು ಹೇಳ್ತೀರಿ?"

"ಇದುವರೆಗೂ ಅವರು ನನ್ನ ಕಾಲನ್ನ ಕಾಲು ಅಂತ ಒಪ್ಪಲಿಲ್ಲ. ಈಗ ಒಪ್ತಾರಂತೆ, ಕುದುರೆದು ಅಂದರೆ." ಕೆಂಚನ ಕುತ್ತಿಗೆ ತಟ್ಟಿದರು. "ಸಂಬಳಕ್ಕೆ ದುಡಿದೆ. ಇನ್ನು ಕಾಲನ್ನೂ ಬರೆದುಕೊಡಬೇಕಾ?"

ಸಿಟ್ಟಿನ ಮಾತನ್ನು ಅವರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಎಷ್ಟು ಸಣ್ಣ ದನಿ. ನಾನು ಬೋರ್ಡಿಗೆ ಅಂಟಿಸಿದ್ದೆಲ್ಲ ಬರೀ ಕೂಗಾಟ.

ಅಕ್ಕನಿಗೆ ಹೇಳಿದರಾ, ಗೊತ್ತಿಲ್ಲ. ಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿದೆ.


ನವೆಂಬರ್ 13, ಬೆಳಿಗ್ಗೆ

ಇನ್ಶೂರೆನ್ಸ್ ಆಫೀಸರ ಕಾರು ಬಂತು. ಸಣಕಲು ಮನುಷ್ಯ, ಶೂಗೆ ಲದ್ದಿ ಅಂಟೀತೆಂದು ತುದಿಗಾಲಲ್ಲಿ ಇಳಿದರು. ಮ್ಯಾನೇಜರ್ ಅವರಿಗೆ ಕಾಫಿ ಹೇಳಿದ್ದಾರೆ. ನನಗೆ ಹೇಳಿದ್ದಾರೆ, ಚಿತ್ರದ ದೊಡ್ಡ ಪ್ರಿಂಟ್ ತೆಗೆದು ತಾ ಎಂದು. ಡಾಕ್ಟರು ಮೂಲೆಯಲ್ಲಿ ಕೂತಿದ್ದಾರೆ, ಸಹಿ ಹಾಕಬೇಕಾದ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು. ಇನ್ನೂ ಹಾಕಿಲ್ಲ.

ಪ್ರಿಂಟ್ ಬರುತ್ತಿದೆ. ನಿಧಾನ. ಮೊದಲು ಹೆಸರು ಬಂತು, ಕಪ್ಪಗೆ. ಆಮೇಲೆ ಮೂಳೆ.

ಕಿಟಕಿಯಾಚೆ ಭಾವ ಅಂಗಳ ದಾಟುತ್ತಿದ್ದಾರೆ. ಎಡಗಾಲಿನ ಪ್ಯಾಂಟು ಮಂಡಿಯವರೆಗೆ ಮಡಚಿದ್ದಾರೆ. ಸೀರೆಯ ಪಟ್ಟಿ ಬಿಚ್ಚಿಹಾಕಿದ್ದಾರೆ. ನೀಲಿಗಟ್ಟಿದ ಕಾಲು, ಹಾಡುಹಗಲು, ಎಲ್ಲರಿಗೂ ಕಾಣುವಂತೆ. ಕೆಲಸದವರು ಒಬ್ಬೊಬ್ಬರೇ ಬಕೆಟ್ ಕೆಳಗಿಟ್ಟು ನೋಡುತ್ತಿದ್ದಾರೆ.

ಹಿಂದೆ ಅಕ್ಕ. ಮೂರು ದಿನ ಬೈದ ಅಕ್ಕ. ನಮ್ಮ ಮನೆಯ ಒಂದೇ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಬರುತ್ತಿದ್ದಾಳೆ. ಅವರ ಕುರ್ಚಿ ಬೇಡ ಎಂದು ಇರಬೇಕು.

ಪ್ರಿಂಟ್ ಬಂತು. ಮ್ಯಾನೇಜರ್ ಕೂಗುತ್ತಿದ್ದಾರೆ, "ತಂದ್ಯೇನಮ್ಮಾ?"

ತಂದೆ. ಆದರೆ ಮೇಲಿನ ಹೆಸರು ತಪ್ಪಿದೆ. ಗೀಟು ಹೊಡೆಯಬೇಕು. ಭಾವನ ಹೆಸರು ಬರೆಯಬೇಕು, ನನ್ನ ನಿಜವಾದ ಕೈಬರಹದಲ್ಲಿ. ಕೈಯಲ್ಲಿರುವುದು ಇದೊಂದೇ ಪೆನ್ನು, ಆದ್ದರಿಂದ ಈ ಡೈರಿ ಇಲ್ಲಿಗೇ —