ಕಿಟಕಿಗೆ ಬಂದ ಒಂಟೆ

ಸೋನಾಳ ಅಪ್ಪಾ,

ನಿಮ್ಮನ್ನು ಮಣ್ಣು ಮಾಡಿ ನಲವತ್ತು ದಿನವಾಯಿತು. ಬೆಳಗಿನ ಚಹಾದ ಹೊತ್ತಿಗೆ ನಿಮ್ಮ ಮುದಿ ಒಂಟೆ ದಿನವೂ ಕಿಟಕಿಗೆ ಬಂದು ನಿಲ್ಲುತ್ತದೆ. ನಿಮ್ಮನ್ನು ಹುಡುಕುತ್ತಿದೆ ಎಂದುಕೊಂಡಿದ್ದೆ. ಇಂದು ಅದು ಮೂತಿ ತೂರಿಸಿ ನನ್ನ ಕೈಯ ರೊಟ್ಟಿಯನ್ನೇ ಕಸಿಯಿತು.

"ಅಪ್ಪ ದಿನಾ ಕೊಡ್ತಿದ್ರು," ಎಂದಳು ಸೋನಾ. "ನುಂಗಕ್ಕಾಗ್ತಿಲ್ಲ, ಅಮ್ಮಂಗೆ ಹೇಳ್ಬೇಡ ಅಂದಿದ್ರು."

ನೀವು "ಇನ್ನೊಂದು ರೊಟ್ಟಿ ಕೊಡು" ಎಂದಾಗಲೆಲ್ಲ ನಾನು ಬೀಗುತ್ತಿದ್ದೆ. "ತುರ್ಕ್‌ಮೆನ್ ಗಂಡಸು ಚಹಾ ಆರಿಸ್ಕೊಂಡು ಕುಡೀತಾನಾ?" ಎಂದು ಹಂಗಿಸುತ್ತಿದ್ದೆ. ಅನ್ನನಾಳದ ಕ್ಯಾನ್ಸರ್ ಎಂದು ಗೊಂಬದ್ ಪಟ್ಟಣದ ವೈದ್ಯರು ಹೇಳುವಷ್ಟರಲ್ಲಿ ನಿಮಗೆ ನೀರೂ ಇಳಿಯುತ್ತಿರಲಿಲ್ಲ.

ಒಂಟೆಯ ಹಲ್ಲು ಸವೆದಿದೆ. ರೊಟ್ಟಿಯನ್ನು ಚಹಾದಲ್ಲಿ ನೆನೆಸಿ, ಚೆನ್ನಾಗಿ ಆರಿಸಿ, ಅಂಗೈಯಲ್ಲಿಟ್ಟು ತಿನ್ನಿಸಿದೆ. ಅದೇನು ಮಹಾ ಹೊತ್ತು ಹಿಡಿಯುವ ಕೆಲಸವಲ್ಲ.