ಇಬ್ಬರಿಗೂ ಒಂದೇ ಕೆ

ಕೆಂಗೇರಿ ಉಪನಗರ
೧೨-೮-೨೦೦೮

ಅಪ್ಪಾ,

ಫೋನ್ ಮಾಡಿದ್ರೆ ಇಟ್ಟುಬಿಡ್ತೀರಿ, ಅದಕ್ಕೇ ಕಾಗದ. ಕ್ಷೇಮಸಮಾಚಾರ ಆಮೇಲೆ ಬರೀತೀನಿ.

ನಾನು ಉಲ್ಲನ್ ಕುಲಾವಿ ಹೆಣೆದು ಇಂಟರ್ನೆಟ್ಟಲ್ಲಿ ಪರದೇಶದವರಿಗೆ ಮಾರ್ತೀನಿ. ಅವರು ಕೊಡೋ ದುಡ್ಡನ್ನ ನನಗೆ ತಲುಪಿಸೋ ಕಂಪನಿಯವರು ಹೋದ ವಾರ ನನ್ನ ಖಾತೆ ಮುಚ್ಚಿ, ಅದರಲ್ಲಿದ್ದದ್ದನ್ನೆಲ್ಲ ಹಿಡಿದಿಟ್ಕೊಂಡಿದಾರೆ. ಅವರದ್ದೊಂದು ಫೋನ್ ನಂಬರೂ ಇಲ್ಲ. ದಿನಕ್ಕೆ ನಾಲ್ಕು ಸಲ ಸೈಬರ್ ಸೆಂಟರಿಗೆ ಓಡಿ ನೋಡ್ತೀನಿ, ಹೆಸರಿಗೆ ದಾಖಲೆ ಕಳಿಸಿ ಅನ್ನೋ ಅದೇ ಈಮೇಲು. ಜೊತೇಲಿ ಹೆಣೆಯೋ ಹೆಂಗಸರು ಕೂಲಿ ಕೇಳ್ಕೊಂಡು ಬಾಗಿಲಿಗೆ ಬಂದ್ರೆ ಮುಖ ಎತ್ತೋಕಾಗಲ್ಲ.

ತಪ್ಪು ನಂದೇ. ಬ್ಯಾಂಕಲ್ಲಿ ನಾನು ಕೆ. ಸುಗುಣಾ. ಕಂಪನಿಯವರು ಕೆ ಅಂದ್ರೇನು ಅಂತ ಕೇಳಿದಾಗ, ಕೈ ತಾನಾಗೇ ನಿಮ್ಮ ಹೆಸರು, ಕೆಂಪಯ್ಯ ಅಂತ ಬರೀತು. ವೋಟರ್ ಕಾರ್ಡಲ್ಲಿ ಇವರ ಹೆಸರು, ಕಾಂತರಾಜು ಅಂತಿದೆ. ಇವಳು ಒಬ್ಬಳಲ್ಲ, ಇಬ್ಬರು ಅಂತ ಅವರ ಅನುಮಾನ. ಮದುವೆಯಾದಾಗ ಇನಿಷಿಯಲ್ ಬದಲಾಯಿಸೋ ತಾಪತ್ರಯ ಇಲ್ಲ ಅಂತ ನಕ್ಕಿದ್ದೆ. ನೀವು ಬಂದಿರಲಿಲ್ಲ.

ಎರಡೂ ಹೆಸರು ಒಬ್ಬಳದ್ದೇ ಅಂತ ತಂದೆ ಅಫಿಡವಿಟ್ ಕೊಡಬೇಕಂತೆ. ಹೇಳೋಣ ಅಂತ ಮೊನ್ನೆ ನಿಮ್ಮ ಮನೆ ಹತ್ರ, ಮಾರೇನಹಳ್ಳಿ ಸ್ಟಾಪಲ್ಲಿ ಎರಡು ಸಲ ಇಳಿದು, ಎರಡು ಸಲವೂ ವಾಪಸ್ ಬಸ್ ಹತ್ತಿದೆ. ಕಾಗದ ವಿಜಯನಗರದ ನೋಟರಿ ಹತ್ರ ರೆಡಿ ಇದೆ. ಮುಂದಿನ ಶುಕ್ರವಾರದೊಳಗೆ ಹೋಗಿ ಸಹಿ ಹಾಕಿ. ನಾನು ಅಲ್ಲಿರಲ್ಲ.

'ನಂಗೆ ಮಗಳೇ ಇಲ್ಲ' ಅಂದಿದ್ರಿ. ಅಫಿಡವಿಟ್ಟಿನ ಮೊದಲನೇ ಸಾಲೇ 'ಸುಗುಣಾ ನನ್ನ ಸ್ವಂತ ಮಗಳು' ಅಂತಿದೆ. ಅದನ್ನ ತೆಗೆಯೋಕಾಗುತ್ತಾ ಅಂತ ನೋಟರಿನ ಕೇಳಿದೆ.

ಆಗಲ್ವಂತೆ.

ಇಂತಿ,
ಕೆ. ಸುಗುಣಾ