ಹಿಂದಿನ ಹಲಗೆ ನನ್ನ ಪಾಲು

ಅಂಗಡಿ ಬಿಟ್ಟು ಹೋದ ಅಪ್ಪನಿಗೆ, ಅದೇ ಅಂಗಡಿಯಲ್ಲಿ ಕೂತು ಮಗಳು ರತ್ನ ಬರೆಯುವುದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಅಲ್ಲಿ ನೀನು ಕ್ಷೇಮವೇ ಎಂದು ಕೇಳಲು ಬಾಯಿ ಬರುವುದಿಲ್ಲ. ಅದಕ್ಕೆ ನೇರ ವಿಷಯಕ್ಕೇ ಬರುತ್ತೇನೆ. ಟ್ರೇಲರ್ ಮಾರಿದೆವು ಅಪ್ಪ. ನೀವು ಮೂವರು ಅಣ್ಣತಮ್ಮಂದಿರು ಸೇರಿ ಇಟ್ಟುಕೊಂಡಿದ್ದ ಟ್ರೇಲರ್. ನೀನು ಹೋಗಿ ಗುದ್ದಿ ಸತ್ತ ಟ್ರೇಲರ್. ಅದು ನಮ್ಮ ಹಿತ್ತಲಿನಿಂದ ಹೇಗೆ ಹೊರಟಿತು ಎಂಬುದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ನೀನು ಮೊದಲ ಸಲ ನನ್ನನ್ನು ಕೆಲಸಕ್ಕೆ ಕರೆದುಕೊಂಡು ಹೋದದ್ದು ನೆನಪಾಗುತ್ತದೆ. ಕುಬಟೂರಿನಾಚೆ ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕಿದವರ ಆಳುಗಳು ಪ್ಲಾಸ್ಟಿಕ್ ಹೊದಿಸಿದ ಶೆಡ್ಡುಗಳಲ್ಲಿ ಬಿಡಾರ ಹೂಡಿದ್ದರು. ಹಟ್ಟಿಯಷ್ಟೂ ಬೆಳಕಿಲ್ಲದ ಶೆಡ್ಡು. ಹಗಲಲ್ಲೂ ಒಳಗೆ ತಡಕಾಡಬೇಕು. ನೀನು ಯಾರೋ ಬಿಸಾಡಿದ ಟ್ರ್ಯಾಕ್ಟರ್ ಬ್ಯಾಟರಿಗೆ ಜೀವ ತುಂಬಿಸಿ, ಬೆರಳಗಲದ ಎಲ್ಇಡಿ ಪಟ್ಟಿಯನ್ನು ಬಿದಿರಿನ ಉದ್ದಕ್ಕೂ ಅಂಟಿಸುತ್ತಾ ಬಂದೆ. ಮಗು ಎತ್ತಿಕೊಂಡಿದ್ದ ಹೆಂಗಸು ಹಿಂದೆ ಸರಿದು, "ಕರೆಂಟ್ ಹೊಡೆಯಲ್ವೇನ್ರೀ?" ಅಂದಳು. ನೀನು ಎರಡೂ ಬರಿ ತಂತಿಗಳನ್ನು ಬೆರಳಲ್ಲಿ ಹಿಡಿದು ತೋರಿಸಿದೆ. "ನೋಡು ತಂಗಿ, ಬರೀ ಹನ್ನೆರಡು ವೋಲ್ಟು. ಇರುವೆ ಕಚ್ಚಿದಷ್ಟೂ ಗೊತ್ತಾಗಲ್ಲ." ಬರುವ ದಾರಿಯಲ್ಲಿ ನನಗೆ ಮಾತ್ರ ಬೇರೆ ಪಾಠ. "ಹೊಡೆಯಲ್ಲ ಅಂತ ಸದರ ಮಾಡಬ್ಯಾಡ. ತಂತಿಗೆ ತಂತಿ ತಾಗಿದ್ರೆ ಇಡೀ ಶೆಡ್ಡು ಸುಡ್ತದೆ. ಬ್ಯಾಟರಿ ಪಕ್ಕದಾಗೇ ಫ್ಯೂಸ್ ಹಾಕು, ಆಮೇಲೆ ಬೇಕಾದ್ರೆ ಉಣ್ಣಕೆ ಕೂರು." ಇವತ್ತಿಗೂ ಫ್ಯೂಸ್ ಹಾಕದೆ ನಾನು ಊಟದ ಡಬ್ಬಿ ಬಿಚ್ಚುವುದಿಲ್ಲ. ಅಮ್ಮ ಬೈಯುತ್ತಾಳೆ.

ಆಯುಧಪೂಜೆ ಹತ್ತಿರ ಬಂದರೆ ಗಾಡಿಗಳಿಗೆ ಲೈಟು ಹಾಕುವ ನಮ್ಮ ಅಂಗಡಿಯ ಮುಂದೆ ಆನವಟ್ಟಿ ಸಂತೆಯೇ ನೆರೆಯುತ್ತಿತ್ತಲ್ಲ. ಶಿಕಾರಿಪುರದ ಕಡೆಯಿಂದಲೂ ಟ್ರ್ಯಾಕ್ಟರ್ ಹೊಡೆದುಕೊಂಡು ಬರುತ್ತಿದ್ದರು. ಬಾನೆಟ್ಟಿಗೆ ನೀಲಿ, ಮಡ್‌ಗಾರ್ಡಿಗೆ ಹಸಿರು, ಮಗಳ ಹೆಸರಿನ ಸುತ್ತ ಓಡಾಡುವ ಬೆಳಕು. ಟ್ರೇಲರಿಗೆ? ಏನೂ ಇಲ್ಲ. "ನಿಮ್ದು ಒಳ್ಳೆ ಕತೆ. ಮುಂದೆ ದೀಪಾವಳಿ, ಹಿಂದೆ ಅಮಾಸೆ" ಎಂದು ನೀನು ರೇಗಿಸುತ್ತಿದ್ದೆ. "ಹಿಂದೆ ಯಾರು ನೋಡ್ತಾರೆ ಬಿಡ್ರಿ" ಅನ್ನುತ್ತಿದ್ದರು. "ಹಿಂದೆ ಬರೋನು ನೋಡ್ತಾನಲ್ಲ ಮಾರಾಯ!" ಎಂದು ನೀನೇ ಒಂದು ಮಾರು ಕೆಂಪು ಪಟ್ಟಿ ಕತ್ತರಿಸಿ, ಕೇಳದಿದ್ದರೂ ಅಂಟಿಸಿ ಕಳಿಸುತ್ತಿದ್ದೆ. ಈ ಸೀಮೆಯ ರಸ್ತೆಗಳಲ್ಲಿ ನೀನು ಹಚ್ಚಿದ ಕೆಂಪು ಇನ್ನೂ ಓಡಾಡುತ್ತಿದೆ. ನಿನ್ನ ಕೈಯ ಬೆಳಕು ಇಲ್ಲದ ಟ್ರೇಲರ್ ಒಂದೇ ಒಂದು, ನಿನ್ನದೇ. ದೀಪದ ಬುಡ ಕತ್ತಲೆ ಅನ್ನುತ್ತಾರೆ. ಆ ಗಾದೆ ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ.

ಅಜ್ಜ ತೀರಿಕೊಂಡ ವರ್ಷ ಹಿಸ್ಸೆ ಮಾಡಿಕೊಂಡಿರಿ. ಗದ್ದೆ ಮೂರು ಪಾಲಾಯಿತು, ಪಾತ್ರೆ ಮೂರು ಪಾಲಾಯಿತು, ಟ್ರ್ಯಾಕ್ಟರ್ ಚಿಕ್ಕಪ್ಪನ ಪಾಲಿಗೆ ಹೋಯಿತು. ಟ್ರೇಲರನ್ನು ಕೊಯ್ದು ಹಂಚಲಾಗುವುದಿಲ್ಲವಲ್ಲ, ಅದು ಜಂಟಿಯಲ್ಲೇ ಉಳಿಯಿತು. ನೀನು ಒಂದು ದಿನ ಕೆಂಪು ಪಟ್ಟಿ ಜೇಬಿನಲ್ಲಿಟ್ಟುಕೊಂಡು ಹಿತ್ತಲಿಗೆ ಹೋದೆ. ದೊಡ್ಡಪ್ಪ ಜಗಲಿಯಿಂದಲೇ ಕೂಗಿದರು. "ಇವತ್ತು ಲೈಟ್ ಹಚ್ಚಿದೋನು ನಾಳೆ ಟ್ರೇಲರ್ ನಂದು ಅಂತಾನೆ. ಅದು ಇತ್ಯರ್ಥ ಆಗೋವರ್ಗೂ ಯಾರೂ ಕೈ ಹಚ್ಚಬ್ಯಾಡ್ರಿ." ನಮ್ಮ ಕಡೆ ಇದೊಂದು ರೋಗ. ಜಂಟಿ ವಸ್ತುವಿಗೆ ಮೊಳೆ ಹೊಡೆದರೂ ಹಕ್ಕು ಹೂಡಿದಂತೆ. ಹಾಗಾಗಿ ಕಬ್ಬಿಣದ ಹಲಗೆಗೆ ತುಕ್ಕು ಹಿಡಿದರೂ ಬಣ್ಣ ಬಳಿಯುವವರಿಲ್ಲ, ಟೈರು ಸವೆದು ಬೋಳಾದರೂ ಬದಲಿಸುವವರಿಲ್ಲ. ಗಿರಾಕಿಗಳ ಹತ್ತಿರ ಒಂದೊಂದು ಮಾರು ಪಟ್ಟಿಗೂ ಜಗಳ ಆಡುತ್ತಿದ್ದ ನೀನು, ಅಣ್ಣನ ಎದುರು ಒಂದು ಮಾತೂ ಆಡದೆ ನಕ್ಕು ಬಂದುಬಿಟ್ಟೆ. ಯಾಕಪ್ಪ? ಅವತ್ತೊಂದು ದಿನ ಗಟ್ಟಿಯಾಗಿ ಗಂಟಲು ತೆಗೆದಿದ್ದರೆ...

ಸೊರಬದಲ್ಲಿ ಮದುವೆ ಗಾಡಿಗೆ ಬಣ್ಣ ಬದಲಿಸುವ ಪಟ್ಟಿ ಹಾಕಲು ನೀನು ಮೊಪೆಡ್ ಹತ್ತಿ ಹೊರಟ ಮಧ್ಯಾಹ್ನ ನನಗೆ ಹೇಳಿದ್ದು ಇಷ್ಟೇ: "ಬೆಳಕಿರಾಗಲೇ ಬರ್ತೀನಿ." ಅದೇ ರಸ್ತೆಯಲ್ಲಿ ಚಿಕ್ಕಪ್ಪ ಬತ್ತದ ಹುಲ್ಲು ಹೇರಿಕೊಂಡು ಬರುತ್ತಿದ್ದ. ಮೋರಿಯ ಹತ್ತಿರ ಆ ಬೋಳು ಟೈರು ಸಿಡಿಯಿತು. ಅವನು ಎಲ್ಲರೂ ಮಾಡುವಂತೆ ಸೊಪ್ಪಿನ ಕೊಂಬೆಯೊಂದನ್ನು ಮುರಿದು ರಸ್ತೆಗೆ ಹಾಕಿ, ಗಾಲಿಗೆ ಕಲ್ಲು ಕೊಟ್ಟು, ನಟ್ಟು ಬಿಚ್ಚಲು ಕೂತ. ಹೊತ್ತು ಮುಳುಗಿತು. ಹುಲ್ಲು ಹಿಂದಿನ ಹಲಗೆಯ ಮೇಲೆ ನೆಲದವರೆಗೆ ಇಳಿಬಿದ್ದಿತ್ತು. ಆ ಮಬ್ಬಿನಲ್ಲಿ ಅದು ರಸ್ತೆಯ ಬಣ್ಣಕ್ಕೇ ಸೇರಿಹೋಗಿರಬೇಕು. ಸೊರಬದಿಂದ ವಾಪಸ್ ಬರುತ್ತಿದ್ದ ನಿನ್ನ ಕಣ್ಣಿಗೆ ಎದುರಿನಿಂದ ಬಸ್ಸೊಂದು ಲೈಟು ಹೊಡೆಯಿತಂತೆ. ಚಿಕ್ಕಪ್ಪನಿಗೆ ಕೇಳಿಸಿದ್ದು ಒಂದು ಸದ್ದು. ಯಾರೋ ಪಾಪ ಎಂದು ಓಡಿ ಬಂದವನಿಗೆ, ಕವುಚಿ ಬಿದ್ದಿದ್ದ ನಿನ್ನನ್ನು ಮಗ್ಗುಲಾಗಿಸಿದ ಮೇಲೆಯೇ ಗೊತ್ತಾದದ್ದು. "ಅಣ್ಣ ಅಂತ ಕರೆದೆ ರತ್ನ, ಓ ಅಂದಂಗಾತು" ಎಂದು ಈಗಲೂ ಹೇಳುತ್ತಾನೆ. ನೀನು ನಿಜವಾಗಿ ಓ ಅಂದೆಯಾ?

ಸೂತಕ ಇನ್ನೂ ಕಳೆದಿರಲಿಲ್ಲ, ಆ ಮದುವೆ ಮನೆಯವರೊಬ್ಬರು ಬಂದು ಬಾಗಿಲಲ್ಲಿ ನಿಂತರು. ಕೈ ಹಿಸುಕಿಕೊಳ್ಳುತ್ತಾ, "ತಪ್ಪು ತಿಳಿಬ್ಯಾಡ್ರಮ್ಮ. ಲೈಟಿನ ರಿಮೋಟು ಯಜಮಾನ್ರ ಚೀಲದಾಗೇ ಉಳ್ಕಂಡೈತೆ. ಗಾಡಿ ಬರೀ ಕೆಂಪಗೇ ಉರೀತದೆ, ಬಣ್ಣ ಬದಲಾಗವಲ್ದು" ಅಂದರು. ನನಗೆ ಅವರ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು. ಅಮ್ಮ ಎದ್ದು ಹೋಗಿ, ಆಸ್ಪತ್ರೆಯಿಂದ ತಂದಿಟ್ಟಿದ್ದ ನಿನ್ನ ಚೀಲ ತೆಗೆದು, ರಿಮೋಟನ್ನು ಸೆರಗಿನಲ್ಲಿ ಒರೆಸಿ ಕೊಟ್ಟಳು. "ಮದುವೆ ಚೆನ್ನಾಗಾಗ್ಲಿ" ಎಂದೂ ಹೇಳಿದಳು. ಮದುವಣಗಿತ್ತಿಯ ಗಾಡಿಯ ತುಂಬ ಕೆಂಪು ಉರಿಯುತ್ತಿತ್ತು, ನೀನು ಬರುವ ದಾರಿಯಲ್ಲಿ ಗೇಣುದ್ದ ಕೆಂಪು ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ನಗು ಬರುತ್ತದೆ ಅಪ್ಪ, ಅಂಥ ನಗು ಯಾರಿಗೂ ಬರಬಾರದು.

ಪೊಲೀಸಿನವರು ಬಿಟ್ಟುಕೊಟ್ಟ ಮೇಲೆ ಟ್ರೇಲರನ್ನು ತಂದು ಹಿತ್ತಲಲ್ಲಿ ನಿಲ್ಲಿಸಿದ ದಿನದಿಂದ ಅಮ್ಮ ಆ ಕಡೆಯ ಕಿಟಕಿ ತೆಗೆಯಲಿಲ್ಲ. ಚಿಕ್ಕಪ್ಪ ಟ್ರ್ಯಾಕ್ಟರ್ ಹತ್ತಲಿಲ್ಲ. ಅವನ ಗದ್ದೆಗೆ ಬಾಡಿಗೆ ಟ್ರ್ಯಾಕ್ಟರ್ ಬಂತು, ಅವನದು ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಗೂಡಾಯಿತು. ದೊಡ್ಡಪ್ಪ ದಿನಾ ಬಂದು ಜಗಲಿಯಲ್ಲಿ ಕೂರುತ್ತಿದ್ದರು, ಕೊಟ್ಟ ಚಹಾ ಕುಡಿದು ಹೋಗುತ್ತಿದ್ದರು. ಟ್ರೇಲರಿನ ಮಾತನ್ನು ಯಾರೂ ಎತ್ತಲಿಲ್ಲ. ನಾನು ಅಂಗಡಿ ತೆರೆದೆ. ಟ್ರೇಲರಿನ ಕೆಳಗೆ ಅಂಗಾತ ಮಲಗಿ ವೈರು ಎಳೆಯುವ ಹೆಣ್ಣು ಎಂದು ನೋಡಲು ಬಂದವರಿಗೂ ಲೈಟು ಹಾಕಿ ಕಳಿಸಿದೆ. ಹಿಂದಿನ ಕೆಂಪು ಬೇಡ ಅಂದವರಿಗೆ ಮುಂದಿನ ನೀಲಿಯೂ ಇಲ್ಲ ಎಂದು ಹಟ ಹಿಡಿದೆ. ಒಂದಿಬ್ಬರು ಬೈದುಕೊಂಡು ಹೋದರು, ಹೋಗಲಿ.

ಹೋದ ತಿಂಗಳು ಹೊಸಬಾಳೆಯ ಒಬ್ಬ ರೈತರು ಟ್ರೇಲರ್ ನೋಡಲು ಬಂದರು. ದೊಡ್ಡಪ್ಪನೇ ಕರೆಸಿದ್ದು. ಮನೆಗೆ ಆಗಿಬರದ ವಸ್ತು, ಕಣ್ಣೆದುರಿಂದ ಹೋದರೆ ಸಾಕು ಎಂದು. ಹೊಸ ಟೈರು ನಾವೇ ತಂದು ಹಾಕಿಸುತ್ತೇವೆ, ನಿಮ್ಮಲ್ಲಿ ಕೊಂಡ ಹುಲ್ಲನ್ನೂ ಅದರಲ್ಲೇ ಹೇರಿ ಕಳಿಸಿ ಎಂದು ಬಂದವರು ಮಾತು ಮುಗಿಸಿದರು. ನಾನು ಅಂಗಡಿಯಿಂದ ಬಂದವಳು ಹಾಗೇ ನಿಂತು, "ಹಿಂದೆ ಲೈಟ್ ಹಾಕದೆ ಇದು ಹಿತ್ತಲು ದಾಟಂಗಿಲ್ಲ" ಅಂದೆ.

"ಮಾರಿದ ಮ್ಯಾಲೆ ಅವರು ಹಾಕ್ಕಂತಾರೆ ಕಣೇ" ಅಂದರು ದೊಡ್ಡಪ್ಪ. "ಈಗ ಯಾಕೆ ಕೈ ಹಚ್ತೀಯಾ? ಮೂರು ಜನದ್ದು ಅದು."

"ಮೂರರಾಗೆ ಒಂದು ನಮ್ದಲ್ವಾ ದೊಡ್ಡಪ್ಪ? ನಮ್ಮಪ್ಪನ ಪಾಲು ಈಗ ನಂದು, ಅಮ್ಮಂದು. ಹಿಸ್ಸೆ ಮಾಡಿ ಕೊಡ್ರಿ. ಟ್ರ್ಯಾಕ್ಟರಿಗೆ ಕಟ್ಟೋ ಮೂಕಿ ನೀವಿಟ್ಕಳ್ರಿ. ಗಾಲಿ ಚಿಕ್ಕಪ್ಪ ಇಟ್ಕಳ್ಲಿ. ಹಿಂದಿನ ಹಲಗೆ ನಂದು."

ಹೊಸಬಾಳೆಯವರು ನೆಲ ನೋಡಿದರು. ದೊಡ್ಡಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ಜಗಲಿಯಿಂದ ನಿನಗೆ ಕೂಗಿ ಹೇಳಿದ ಆ ಮಾತನ್ನು ಅವರೂ ಮನಸ್ಸಿನಲ್ಲೇ ಎಷ್ಟು ಸಲ ಅಗಿದಿದ್ದರೋ ಏನೋ. ನನಗೆ ಕರುಣೆ ಬರಲಿಲ್ಲ. ನಿನಗೆ ಬರುತ್ತಿತ್ತು, ಅದು ನನಗೆ ಗೊತ್ತು. ಅಮ್ಮ ಬಾಗಿಲಿನ ಮರೆಯಿಂದ ಹೊರಗೆ ಬಂದು, ನನ್ನ ಪಕ್ಕ ನಿಂತು, "ಹಚ್ಚಲಿ ಬಿಡ್ರಿ ಭಾವ" ಎಂದಷ್ಟೇ ಹೇಳಿದಳು.

ಕೆಲಸಕ್ಕೆ ಕೂತ ಬೆಳಿಗ್ಗೆ ನೀನು ಹೇಳಿಕೊಟ್ಟದ್ದೆಲ್ಲ ಒಂದೊಂದಾಗಿ ಕೈಗೆ ಬಂತು. ಎಲ್ಲಿ ಬೇಕಾದಲ್ಲಿ ಕತ್ತರಿಸಬಾರದು, ತಾಮ್ರದ ಗುರುತಿರುವಲ್ಲೇ ಕತ್ತರಿಸಬೇಕು. ಪಟ್ಟಿ ಉದ್ದವಾದರೆ ತುದಿ ಮಂಕಾಗುತ್ತದೆ, ಎರಡೂ ಕಡೆಯಿಂದ ವೈರು ಕೊಡಬೇಕು. ಯಾವ ಟ್ರ್ಯಾಕ್ಟರ್ ಕಟ್ಟಿದರೂ ಉರಿಯಲಿ ಎಂದು ಟ್ರೇಲರಿಗೇ ಒಂದು ಸಣ್ಣ ಬ್ಯಾಟರಿ ಇಟ್ಟು, ಕಬ್ಬಿಣದ ಪೆಟ್ಟಿಗೆ ಮಾಡಿಸಿ, ಮೂಕಿಯ ಹತ್ತಿರ ಸ್ವಿಚ್ ಕೊಟ್ಟೆ. ಫ್ಯೂಸ್ ಹಾಕಿದೆ, ಆಮೇಲೆ ಉಂಡೆ. ಹಲಗೆಗೆ ಒಂದು ಪಟ್ಟಿ. ಅದು ಹುಲ್ಲಿನಡಿ ಮುಚ್ಚಿಹೋದರೆ? ಅದಕ್ಕೇ ಉದ್ದ ವೈರಿನ ತುದಿಗೆ ಇನ್ನೊಂದು ಪಟ್ಟಿಯನ್ನು ಅಲ್ಯೂಮಿನಿಯಂ ಕೊಳವೆಯಲ್ಲಿ ಕೂರಿಸಿ ಕೊಕ್ಕೆ ಹಾಕಿದೆ, ಹೇರಿನ ಮೇಲಿಂದ ಇಳಿಬಿಡಲು. ಇದು ನೀನು ಹೇಳಿಕೊಟ್ಟದ್ದಲ್ಲ. ಇದು ನೀನು ಸತ್ತು ನನಗೆ ಕಲಿಸಿದ್ದು.

ಹಲಗೆಗೆ ಪಟ್ಟಿ ಅಂಟಿಸುವ ಹೊತ್ತಿಗೆ ದೊಡ್ಡಪ್ಪ ಬಂದು ಹಿಂದೆ ನಿಂತಿದ್ದರು. ಬೇಡ ಅನ್ನಲು ಬಂದರೇನೋ ಅಂದುಕೊಂಡು ನಾನು ತಿರುಗಲೇ ಇಲ್ಲ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಹಲಗೆಯ ಧೂಳು ಒರೆಸತೊಡಗಿದರು. ಅಲ್ಲೊಂದು ಕಡೆ ತಗಡು ಒಳಗೆ ನಗ್ಗಿದೆಯಲ್ಲ, ನೀನು ತಾಗಿದ ಜಾಗ. ಅಲ್ಲಿ ಅವರ ಕೈ ನಿಂತುಬಿಟ್ಟಿತು. "ಧೂಳಿದ್ರೆ ಅಂಟಲ್ಲ ಅಂತಿದ್ದ ನಿಮ್ಮಪ್ಪ" ಅಂದರು. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮಕ್ಕಳು ಅಳುವ ಹಾಗೆ ಬಾಯಿ ತೆರೆದು ಅತ್ತರು. ನಾನು ಪಟ್ಟಿ ಒತ್ತುತ್ತಾ ಹೋದೆ. ಸಮಾಧಾನ ಮಾಡಲಿಲ್ಲ ಅಪ್ಪ. ನನ್ನ ಸಿಟ್ಟು ಇಳಿದಿಲ್ಲ, ಇಳಿದಿದೆ ಎಂದು ನಿನಗೆ ಸುಳ್ಳು ಬರೆಯಲಾರೆ.

ಹುಲ್ಲು ಹೇರಿ ಮುಗಿಯುವಾಗ ಬಿಸಿಲು ಇಳಿದಿತ್ತು. ಕೊಕ್ಕೆಯ ಪಟ್ಟಿಯನ್ನು ಹೇರಿನ ಮೇಲಿಂದ ಇಳಿಬಿಟ್ಟೆ. ಯಾರು ಹೊಡೆದುಕೊಂಡು ಹೋಗುವುದು ಎಂದು ಮಾತಾಡುತ್ತಿರುವಾಗ ಚಿಕ್ಕಪ್ಪ ಕೊಟ್ಟಿಗೆಗೆ ಹೋಗಿ ಕೋಳಿಗಳನ್ನು ಓಡಿಸಿದ. "ತಂದೋನು ನಾನು. ಮುಟ್ಟಿಸೋನೂ ನಾನೇ" ಅಂದ. ಟ್ರ್ಯಾಕ್ಟರ್ ಕೆಮ್ಮಿ ಕೆಮ್ಮಿ ಶುರುವಾಯಿತು. ನಾನು ಸ್ಕೂಟರ್ ತೆಗೆದುಕೊಂಡು ಹಿಂದೆ ಹೊರಟೆ. ಅಮ್ಮ ಬೇಡ ಅನ್ನಲಿಲ್ಲ, ಕಿಟಕಿ ತೆಗೆದು ನೋಡುತ್ತಾ ನಿಂತಿದ್ದಳು.

ಸೊರಬದ ರಸ್ತೆಯ ಆ ಮೋರಿಯ ಹತ್ತಿರ ಬಂದಾಗ ಹೊತ್ತು ಮುಳುಗಿತ್ತು. ಅವತ್ತಿನಂಥದೇ ಮಬ್ಬು. ಅವತ್ತಿನ ಹಾಗೆ ಹುಲ್ಲು ನೆಲಕ್ಕೆ ಇಳಿಬಿದ್ದಿತ್ತು. ಚಿಕ್ಕಪ್ಪ ಮೋರಿ ದಾಟಿ, ಏನನ್ನಿಸಿತೋ, ಅದೇ ಜಾಗದಲ್ಲಿ ಬದಿಗೆ ತೆಗೆದುಕೊಂಡು ನಿಲ್ಲಿಸಿದ. ಇಳಿಯಲಿಲ್ಲ. ನಾನೂ ಹತ್ತಿರ ಹೋಗಲಿಲ್ಲ. ಸ್ಕೂಟರ್ ತಿರುಗಿಸಿ, ಹಿಂದಿನ ತಿರುವಿನವರೆಗೆ ವಾಪಸ್ ಬಂದೆ. ದಿಕ್ಕು ಮಾತ್ರ ಬೇರೆ, ನೀನು ಮೊಪೆಡ್ಡಿನಲ್ಲಿ ಬಂದ ಹಾಗೇ, ನಿನ್ನಷ್ಟೇ ನಿಧಾನವಾಗಿ ಮತ್ತೆ ಹೋದೆ. ಎದುರಿನಿಂದ ಯಾವುದೋ ಗಾಡಿ ಕಣ್ಣಿಗೆ ಲೈಟು ಹೊಡೆದು ಹೋಯಿತು. ಹುಲ್ಲು ಕಾಣಲಿಲ್ಲ, ಟ್ರೇಲರ್ ಕಾಣಲಿಲ್ಲ, ರಸ್ತೆಯೂ ಕಾಣಲಿಲ್ಲ.

ಕೆಂಪು ಕಂಡಿತು ಅಪ್ಪ. ತಿರುವಿನಿಂದಲೇ ಕಂಡಿತು. ನಿನಗೂ ಕಾಣುತ್ತಿತ್ತು.